ಬೆಳ್ಳಗಾದ ಗಾಜು

ಮೆಟ್ಟಿಲ ಬಾಗಿಲಿಗೆ ಹೊಸದಾಗಿ ಹಾಕಿಸಿದ ಗಾಜಿನಾಚೆ ಆ ಹೆಂಗಸು ಇವತ್ತೂ ಕೂತಿದ್ದಳು. ಮಾಲಿನಿ ಚಕ್ಕನೆ ಗೋಡೆಯ ಮರೆಗೆ ಸರಿದಳು.

“ನಾನಿಲ್ಲ ಅಂತ ಹೇಳಿ, ಅನಂತರಾಜು.”

“ಹೇಳ್ದೆ ಮೇಡಂ,” ಎಂದ ಅಟೆಂಡರ್. “ಬರೋವರ್ಗೂ ಕಾಯ್ತೀನಿ ಅಂತಾರೆ. ನಿಮ್ಮನ್ನೇ ನೋಡ್ಬೇಕಂತೆ.”

ಅವಳು ಖುರ್ಷಿದಾ ಬೇಗಂ. ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಶಿರಾ ಗೇಟ್ ಬಳಿ ಮಾಲಿನಿ ನಡೆಸುವ ಈ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳ ಮಗಳು ಜೈಬಾ ಪಾಠ ಹೇಳುತ್ತಿದ್ದಳು. ಹೋದ ಬೇಸಿಗೆ ಇಲ್ಲಿ ಬಿದ್ದ ಬೆಂಕಿಯಲ್ಲಿ ತೀರಿಕೊಂಡಳು.

ಅವತ್ತು ಹೊಗೆ ಕಂಡೊಡನೆ ಮಾಲಿನಿ ಮೆಟ್ಟಿಲ ಕಡೆ ಓಡಿದ್ದಳು. ಬಾಗಿಲಿನ ಚಿಲಕ ಸಡಿಲವಾಗಿತ್ತು, ತಾನಾಗಿ ಕೂರುತ್ತಿರಲಿಲ್ಲ. ಮೇಲಿನ ಮಹಡಿಯ ಹುಡುಗಿಯರು ಕಿರುಚುತ್ತ ಇಳಿಯುತ್ತಿದ್ದರು. ಹೊಗೆ ಮೆಟ್ಟಿಲಿಗೆ ನುಗ್ಗಿದರೆ ಎಲ್ಲರೂ ಅಲ್ಲೇ ಮುಗಿಯುತ್ತಾರೆ. ಅವಳು ಮೆಟ್ಟಿಲ ಬದಿಯಿಂದ ಬಾಗಿಲಿಗೆ ಭುಜ ಕೊಟ್ಟು ಒತ್ತಿ ನಿಂತಳು.

ಆಗ ಗಾಜಿನಾಚೆ ಜೈಬಾ ಬಂದಳು. ಒಂದು ಕೈ ಕಿವಿಯ ಬಳಿ, ದುಪ್ಪಟ್ಟಾದೊಳಗೆ. ಇನ್ನೊಂದು ಅಂಗೈಯಿಂದ ಗಾಜು ಬಡಿಯುತ್ತಿದ್ದಳು. ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬಾಗಿಲು ತೆರೆಯಬೇಕೆಂದು ಮನಸ್ಸು ಹೇಳಿತು. ಭುಜ ಕದಲಲಿಲ್ಲ. ಅಷ್ಟರಲ್ಲಿ ಕಾವಿಗೆ ಗಾಜು ಹಾಲಿನಂತೆ ಬೆಳ್ಳಗಾಯಿತು. ಮುಖ ಮರೆಯಾಯಿತು. ಬಡಿತವೂ ನಿಂತಿತು.

ಆಮೇಲೆ ತನಿಖೆಗೆ ಬಂದ ಅಧಿಕಾರಿ ಆ ಗಾಜನ್ನು ತಟ್ಟಿ ತೋರಿಸಿದರು. “ಬೆಂಕಿ ತಡೆಯೋ ಗಾಜು ಇದು. ಶಾಖ ತಾಗಿದ್ರೆ ಬೆಳ್ಳಗಾಗುತ್ತೆ, ಒಡೆಯೋದಿಲ್ಲ. ಮಾಮೂಲಿ ಗಾಜಾಗಿದ್ದಿದ್ರೆ ಮೆಟ್ಟಿಲ ಮೇಲಿದ್ದೋರು ಒಬ್ರೂ ಉಳೀತಿರ್ಲಿಲ್ಲ. ಬಾಗಿಲು ಮುಚ್ಚಿ ಹಿಡಿದ್ರಲ್ಲ, ದೊಡ್ಡ ಕೆಲಸ ಮಾಡಿದ್ರಿ ಮೇಡಂ.”

ಜನ ಶಾಲು ಹೊದಿಸಿದರು. ಜೈಬಾ ಗಾಜು ಬಡಿದದ್ದನ್ನು ಮಾಲಿನಿ ಯಾರಿಗೂ ಹೇಳಲಿಲ್ಲ. ಜೈಬಾ ಸಿಕ್ಕಿದ್ದು ಬಾಗಿಲ ಬಳಿಯಲ್ಲ, ತೀರಾ ಹಿಂದಿನ ಕೋಣೆಯಲ್ಲಿ, ಕಾಲು ಸರಿಯಿಲ್ಲದ ಸುಧಾ ಎಂಬ ವಿದ್ಯಾರ್ಥಿನಿಯ ಪಕ್ಕದಲ್ಲಿ. ಬಾಗಿಲು ತೆರೆಯದ್ದಕ್ಕೇ ಕುರುಡಾಗಿ ಅಲ್ಲಿಗೆ ಓಡಿರಬೇಕು ಎಂದುಕೊಂಡಳು. ಅಂದಿನಿಂದ ಮನೆಯ ಕಿಟಕಿಯಲ್ಲಿ, ಬಸ್ಸಿನ ಗಾಜಿನಲ್ಲಿ, ಎಲ್ಲಿ ನೋಡಿದರೂ ಆ ಅಂಗೈ. ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲೇ ಓಡಾಡುತ್ತಿದ್ದಳು.

ಮಧ್ಯಾಹ್ನ ಕರೆಂಟ್ ಹೋಯಿತು. ಲಿಫ್ಟ್ ನಿಂತಿತು. ಊಟಕ್ಕೆ ಹೊರಟಿದ್ದ ಮಾಲಿನಿ ಬಹಳ ಹೊತ್ತು ಬಾಗಿಲ ಮುಂದೆ ನಿಂತಿದ್ದಳು. ಕೊನೆಗೆ ತಳ್ಳಿದಳು.

ಖುರ್ಷಿದಾ ಬೇಗಂ ಎದ್ದು ನಿಂತಳು. “ಮಾಲಿನಿ ಮೇಡಂ ನೀವೇನಾ?”

“ಹೂಂ.”

“ಅವತ್ತು ಈ ಬಾಗ್ಲು ಹಿಡ್ಕೊಂಡಿದ್ದೋರು?”

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. “ನಾನೇ ಅಮ್ಮಾ. ನಿಮ್ಮ ಮಗಳು ಗಾಜು ಬಡೀತಿದ್ಲು. ನೋಡಿದೆ. ನೋಡ್ತಾನೇ ನಿಂತಿದ್ದೆ. ನೀವು ಏನು ಬೇಕಾದ್ರೂ ಅನ್ನಿ.”

ಆ ತಾಯಿ ಬೈಯಲಿಲ್ಲ. ಮಾಲಿನಿಯ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

“ಗೊತ್ತು ಮೇಡಂ. ಆಗ ಅವ್ಳು ನನ್ ಜೊತೆ ಫೋನಲ್ಲಿದ್ಲು. ‘ಅಮ್ಮೀ, ಸುಧಾ ಹಿಂದ್ಗಡೆ ರೂಮಲ್ಲೇ ಉಳ್ಕೊಂಡವ್ಳೆ, ಕರ್ಕೊಂಡ್ ಬರೋಕೆ ಹೋಗ್ತಾ ಇದೀನಿ. ಪಾಪ, ಮಾಲಿನಿ ಮೇಡಂ ನಂಗೋಸ್ಕರ ಬಾಗ್ಲಲ್ಲೇ ಕಾಯ್ತಾ ನಿಂತವ್ರೆ. ನೀವ್ ಇಳೀರಿ, ಇಳೀರಿ ಅಂತ ಗಾಜು ಬಡೀತಾನೇ ಇದೀನಿ, ನನ್ನ ಬಿಟ್ಟು ಹೋಗ್ತಾನೇ ಇಲ್ಲ’ ಅಂದ್ಲು.”