ಬಾಣಂತಿ ದಾಟಿದ ಪೂಲು

"ಏಳು, ಗಂಗಿ ಪೂಜಿಗಿ ಹೊತ್ತಾಯ್ತು" ಎಂದು ಅವ್ವಮ್ಮ ಅರಿಶಿನ ಹಚ್ಚಿದ ಕೊಡವನ್ನು ಸೊಸೆಯ ಕೈಗಿಟ್ಟಳು. ದುರ್ಗಾ ಕೊಡ ಹಿಡಿದು ತಗಡಿನ ಶೆಡ್ಡಿನ ಬಾಗಿಲಲ್ಲೇ ನಿಂತಳು.

"ಎಲ್ಲಿಗ್ರಿ ಅತ್ತಿ?"

"ಮತ್ತೆಲ್ಲಿಗಿ? ಕಾಲುವಿಗಿ."

ದುರ್ಗಾ ಕಾಲುವೆಯತ್ತ ನೋಡಿದಳು. ಪುಣೆಯ ಈ ಅಂಚಿನಲ್ಲಿ, ಶೆಡ್ಡುಗಳ ಬೆನ್ನಿಗೇ ಇದ್ದ ಆ ಕಾಲುವೆ ನೀರು ಕಂಡು ಯಾವ ಕಾಲವಾಗಿತ್ತೋ. ತಳದಲ್ಲಿ ಹುಲ್ಲು ಒಣಗಿತ್ತು, ಹಾಲಿನ ಖಾಲಿ ಪ್ಯಾಕೆಟ್ಟುಗಳು ಬಿದ್ದಿದ್ದವು, ಆಚೆ ದಂಡೆಯ ಕಟ್ಟಡದ ಸೈಟಿಗೆ ಹೋಗುವವರು ತುಳಿದು ತುಳಿದು ನಡುವೆಯೇ ದಾರಿ ಮಾಡಿಕೊಂಡಿದ್ದರು. ಮೇಲೊಂದು ಕಬ್ಬಿಣದ ಕಾಲುಸೇತುವೆ, ಶೆಡ್ಡಿನವರ ಬಾಯಲ್ಲಿ ಪೂಲು, ಇದ್ದೇ ಇತ್ತು. ಮೆಟ್ಟಿಲು ಹತ್ತುವ ದಣಿವು ಯಾರಿಗೆ ಬೇಕೆಂದು ಜನ ಅದನ್ನು ಆಡುಗಳಿಗೆ ಬಿಟ್ಟುಕೊಟ್ಟಿದ್ದರು. ಇಂಥಲ್ಲಿ ಯಾವ ಗಂಗೆ, ಯಾತರ ಪೂಜೆ?

ಬೇರೆಯವರಾದರೆ ನಕ್ಕು ಸುಮ್ಮನಾಗುತ್ತಿದ್ದರು. ದುರ್ಗಾಳಿಗೆ ನಗು ಬರಲಿಲ್ಲ. ಬಾಣಂತಿ ಗಂಗೆಯನ್ನು ಪೂಜಿಸಿ ಕೊಡ ತುಂಬಿಕೊಳ್ಳುವ ತನಕ ಕೂಸನ್ನೆತ್ತಿಕೊಂಡು ನೀರು ದಾಟಬಾರದು ಎಂದು ಅವರ ಕಡೆಯ ಹಿರಿಯರ ಮಾತು. ದುರ್ಗಾಳ ಹಿಂದಿನ ಹೆರಿಗೆಯಲ್ಲಿ, ಆಗ ದುಡಿಯುತ್ತಿದ್ದ ಶಿರೂರಿನ ಕೆಲಸ ಮುಗಿಯಿತೆಂದು ಗುತ್ತೇದಾರ ಹಸಿ ಬಾಣಂತಿಯನ್ನು ಟೆಂಪೋದಲ್ಲಿ ಕೂರಿಸಿ ಹೊಳೆ ದಾಟಿಸಿದ್ದ. ಆ ಕೂಸು ಉಳಿಯಲಿಲ್ಲ. ಜ್ವರ ಎಂದರು ಡಾಕ್ಟರು. ಹೊಳೆ ಎಂದಿತು ದುರ್ಗಾಳ ಕರುಳು. ಈಗ ಅತ್ತೆಯ ತೋಳಿನಲ್ಲಿ ಮಲಗಿದ್ದ ಈ ಹೆಣ್ಣುಕೂಸನ್ನಾದರೂ ಗಂಗೆ ಕಾಯಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ಆ ಗಂಗೆಯೇ ಇಲ್ಲದ ಊರಲ್ಲಿ ಕಾಯುವವರು ಯಾರು?

ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಗಂಡ ಧರ್ಮರಾಜ, "ಟ್ಯಾಂಕರ್ ಬಂದ್ರ ಅದರ ಮುಂದ ಮಾಡಿ ಮುಗಸ್ರಿ. ನೀರು ಎಲ್ಲಿದ್ರೂ ನೀರ" ಎಂದು ಹೇಳಿಹೋಗಿದ್ದ. ಅವ್ವಮ್ಮ ಮಗನ ಮಾತಿಗೆ ಕಿವಿಗೊಡದೆ ಕೊಡಕ್ಕೆ ಅರಿಶಿನ ಹಚ್ಚುತ್ತ ಕೂತಿದ್ದಳು.

ಅವ್ವಮ್ಮ ಮುಂದೆ, ದುರ್ಗಾ ಹಿಂದೆ, ಅವಳ ಹಿಂದೆ ನೀರಿನ ಚರಿಗೆಗಳನ್ನು ಹಿಡಿದ ಶೆಡ್ಡಿನ ಹೆಂಗಸರು. ಕಾಲುವೆಯ ಕಲ್ಲು ಮೆಟ್ಟಿಲಿಳಿದು ಸೇತುವೆಯ ನೆರಳಿಗೆ ಬಂದಾಗ ದುರ್ಗಾ ಕಣ್ಣರಳಿಸಿದಳು. ಅಲ್ಲೊಂದು ಪುಟ್ಟ ಗುಂಡಿ. ಒಳಗೆಲ್ಲ ನುಣುಪಾದ ಸಿಮೆಂಟಿನ ಗಿಲಾವು, ಅಂಚು ತಿದ್ದಿದ ಕೈ ಅತ್ತೆಯದೇ. ಸೈಟಿನಲ್ಲಿ ಜೀವಮಾನವೆಲ್ಲ ಮಂದಿಯ ಗೋಡೆಗಳಿಗೆ ಸಿಮೆಂಟಿನ ಮಾಲು ಕಲಸಿದವಳು ಈಗ ಗಂಗವ್ವನಿಗೊಂದು ಮನೆ ಕಟ್ಟಿದ್ದಳು. ಹಸಿ ಗಿಲಾವು ಬಿರಿಯಬಾರದಲ್ಲ, ಅದಕ್ಕೇ ದಿನವೂ ಬೆಳಿಗ್ಗೆ ತಂಬಿಗೆ ಹಿಡಿದು ಕಾಲುವೆಗೆ ಓಡುತ್ತಿದ್ದಳು. ದುರ್ಗಾ ಅಂದುಕೊಂಡದ್ದೇ ಬೇರೆ. ಅತ್ತೆಯ ಹೊಟ್ಟೆ ಕೆಟ್ಟಿದೆಯೆಂದು ದಿನಾ ಓಮಿನ ನೀರು ಕುದಿಸಿ ಕೊಟ್ಟಿದ್ದಳು. ಗುಟ್ಟು ಬಿಡದ ಮುದುಕಿ ಅದನ್ನೂ ಮುಖ ಕಿವಿಚಿ ಕುಡಿದಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಚರಿಗೆ ಬಗ್ಗಿಸಿದರು. ಟ್ಯಾಂಕರ್ ಬಾರದೆ ಎರಡು ದಿನವಾಗಿದ್ದರೂ ಯಾರ ಚರಿಗೆಯೂ ಅರ್ಧವಿರಲಿಲ್ಲ. ಗುಂಡಿ ತುಂಬಿ, ಸೇತುವೆಯ ಸಂದಿಯಿಂದ ಇಳಿದ ಬಿಸಿಲು ಅದರಲ್ಲಿ ಹೊಳೆಯಿತು. ಅವ್ವಮ್ಮ ಐದು ಹರಳು ಕಲ್ಲಿಟ್ಟು ಅರಿಶಿನ ಕುಂಕುಮ ಏರಿಸಿದಳು.

"ಅತ್ತೀ, ಇದು ನಡಿತದೇನ್ರಿ?" ದುರ್ಗಾ ಕೇಳಿದಳು.

"ಯಾಕ ನಡ್ಯಂಗಿಲ್ಲ? ಅಕಿ ಬರೂ ದಾರಿ ಮಂದಿ ಮುಚ್ಯಾರ. ಬರಲಿಲ್ಲಂತ ಅಕಿ ಮ್ಯಾಲ ಸಿಟ್ಟಾದ್ರ ಹ್ಯಾಂಗ? ನಾವ ಹೋಗಿ ಕರ್ಕೊಂಡು ಬರಬೇಕು." ಆಮೇಲೆ ದನಿ ತಗ್ಗಿಸಿ, "ನಿನ್ನ ಹೊಟ್ಟ್ಯಾಗ ಆ ಹೊಳೀ ಅಂಜಿಕಿ ಅದ ಅಂತ ನನಗ ಗೊತ್ತಿಲ್ಲೇನು ಮಗಳ? ತುಂಬಿಕೋ" ಎಂದಳು.

ಯಾರಿಗೂ ಹೇಳದ ಮಾತನ್ನು ಈ ಹೆಂಗಸು ಯಾವಾಗ ಓದಿಕೊಂಡಳು? ಅತ್ತೆಯ ಸಿಮೆಂಟು ಕಚ್ಚಿದ ಬೆರಳುಗಳನ್ನು ನೋಡುತ್ತ ದುರ್ಗಾಳಿಗೆ ಹೆತ್ತವ್ವ ಇಲ್ಲವೆಂಬುದೇ ಮರೆತುಹೋಯಿತು. ಅಳುತ್ತಲೇ ಕೊಡ ತುಂಬಿ ತಲೆಗೇರಿಸಿದಳು.

ಇನ್ನು ಕೂಸಿಗೆ ಆಚೆ ದಂಡೆಯ ಮಾರುತಿಯ ದರ್ಶನ. ಹೆಂಗಸರು ರೂಢಿಯಂತೆ ಕಾಲುವೆಯ ನಡುವಿನ ದಾರಿ ಹಿಡಿದರು.

"ಅತ್ಲಾಗ ಎಲ್ಲಿ ಹೊಂಟೀರಿ?" ಅವ್ವಮ್ಮ ಗದರಿದಳು. "ನೀರ ಅದ. ಪೂಲ್ ಮ್ಯಾಲ ಬರ್ರಿ."

ಹೆಂಗಸರು ಒಣ ಹುಲ್ಲನ್ನೊಮ್ಮೆ, ಅವ್ವಮ್ಮನ ಮುಖವನ್ನೊಮ್ಮೆ ನೋಡಿದರು. ಯಾರೂ ನಗಲಿಲ್ಲ. ಆಡುಗಳನ್ನೆಬ್ಬಿಸಿ ಎಲ್ಲರೂ ಮೆಟ್ಟಿಲು ಹತ್ತಿದರು. ಎಷ್ಟೋ ಕಾಲದಿಂದ ಜನರ ಭಾರ ಕಾಣದ ಕಬ್ಬಿಣದ ಹಲಗೆಗಳು ಸಾಲು ಕಾಲುಗಳಡಿ ಗಣಗಣ ಎಂದವು. ತುಂಬಿದ ಕೊಡ ಹೊತ್ತು, ಒಂದು ಕೈ ಅತ್ತೆಯ ತೋಳಿನಲ್ಲಿದ್ದ ಕೂಸಿನ ಮೇಲಿಟ್ಟು ದುರ್ಗಾ ನಡು ಸೇತುವೆಗೆ ಬಂದಳು.

ಆಗ ಆಚೆ ದಂಡೆಯಿಂದ ಧರ್ಮರಾಜ ಬಂದ. ಊಟದ ಬಿಡುವಿನಲ್ಲಿ ಪೂಜೆಗೆಂದು ಓಡಿಬಂದವನು ಎಂದಿನಂತೆ ಕೆಳಗಿನ ದಾರಿಗೆ ಇಳಿಯಹೊರಟು ಕೂಗಿದ: "ಯವ್ವಾ, ಅಲ್ಲ್ಯಾಕ ಹತ್ತೀರಿ? ಹಿಂಗ ಬಂದ್ರ ಹತ್ರ ಆಗ್ತದಲ್ಲ."

"ಕೆಳಗ ನೀರ ಅದ" ಎಂದಳು ಅವ್ವಮ್ಮ ಮೇಲಿನಿಂದ.

ಧರ್ಮರಾಜ ಕಾಲುವೆ ನೋಡಿದ. ಮಣ್ಣು, ಹುಲ್ಲು, ಆಡಿನ ಹಿಕ್ಕೆ. ನಗಲೆಂದು ಬಾಯಿ ತೆರೆದವನು ತಲೆಯೆತ್ತಿ ಹೆಂಡತಿಯನ್ನು ಕಂಡ. ಶಿರೂರು ಬಿಟ್ಟ ಮೇಲೆ ಆ ಮುಖದಲ್ಲಿ ಇಷ್ಟು ನಿರಾಳವನ್ನು ಅವನು ನೋಡಿರಲಿಲ್ಲ. ಅವಳು ಅವನನ್ನೇ ನೋಡುತ್ತಿದ್ದಳು.

ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. ಆಮೇಲೆ, ಆಳ ನೋಡಿ ಕಾಲಿಡುವವನ ಹಾಗೆ, ಮೆಲ್ಲಗೆ ಆ ಧೂಳಿಗೆ ಇಳಿದ.