ಸುಣ್ಣವಿಲ್ಲದ ಆರತಿ

ಆರತಿ ತಟ್ಟೆಗೆ ಸುಣ್ಣ ತರುವುದನ್ನೇ ಗೌರಕ್ಕ ಮರೆತು ಬಂದಿದ್ದಳು. ಹೊಳೆಯ ದಂಡೆಗೆ ಜೀಪು ಬಂದು ನಿಂತಾಯಿತು, ಸಾಹೇಬರು ಇಳಿದೂ ಆಯಿತು, ಆಗ ಈಕೆ ಅತ್ತೆಯ ಕಿವಿಯಲ್ಲಿ ಸುದ್ದಿ ಉಸುರಿದಳು. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ತಾನೆ ಅದು ಕೆಂಪಗಾಗುವುದು, ದೃಷ್ಟಿ ತೆಗೆಯಲಿಕ್ಕೆ ಕೆಂಪು ನೀರೇ ಆಗಬೇಕು. ಮದುವೆಯಾಗಿ ಹನ್ನೆರಡು ವರ್ಷವಾದರೂ ಸೊಸೆಯ ತಲೆಯಲ್ಲಿ ಇಷ್ಟು ನಿಲ್ಲಲಿಲ್ಲವಲ್ಲ ಎಂದು ನೀಲಗಂಗವ್ವನಿಗೆ ಮೈಯೆಲ್ಲ ಉರಿಯಿತು.

ಉರಿ ಅವತ್ತಿನದಲ್ಲ. ಮೇಲಿನ ದಂಡೆಯಲ್ಲಿ ಪರಮೇಶ್ವರಪ್ಪ ಸಾಹುಕಾರರು ರಟ್ಟಿನ ಕಾರ್ಖಾನೆ ತೆರೆದು ಎರಡು ವರ್ಷವಾಗಿತ್ತು. ಭತ್ತದ ಹುಲ್ಲು ಬೇಯಿಸಿ ರಟ್ಟು ಮಾಡುತ್ತಾರಂತೆ. ಬೇಯಿಸಿದ ಮೇಲೆ ಉಳಿದ ನೀರನ್ನು ಕಾಲುವೆ ತೋಡಿ ಸೀದಾ ಹೊಳೆಗೆ ಬಿಟ್ಟಿದ್ದರು. ಮೊದಲು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಬಟ್ಟೆ ಒಗೆಯುವವರ ಕೈ ಬಿರಿಯಿತು. ಈ ಸಲ ಶಿವರಾತ್ರಿ ಕಳೆದ ಮೂರನೇ ದಿನ ನೀಲಗಂಗವ್ವನ ಗಬ್ಬದ ಎಮ್ಮೆ ಬಾಯೆಲ್ಲ ಹುಣ್ಣಾಗಿ ಸತ್ತಿತು. ಮನೆಯವರು ಕುಡಿಯುವ ನೀರನ್ನು ಮೈಲಿ ದೂರದ ಒರತೆಯಿಂದ ಹೊತ್ತು ತರುತ್ತಿದ್ದರು, ಎಮ್ಮೆಗೂ ಎಷ್ಟೆಂದು ಹೊರುವುದು? ಊರವರೆಲ್ಲ ಹೆಬ್ಬೆಟ್ಟು ಒತ್ತಿ ಅರ್ಜಿ ಕಳಿಸಿದ್ದರು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಆರು ವರ್ಷವಾದ ಮೇಲೆ ಈ ದಂಡೆಗೆ ಇಳಿದ ಮೊದಲ ಸಾಹೇಬರು ಇವರೇ. ಇವತ್ತು ಇವರು ನೋಡಿ ಏನು ಬರೆಯುತ್ತಾರೋ ಅದರ ಮೇಲೆ ಕಾಲುವೆ ಮುಚ್ಚುವುದೋ ಬಿಡುವುದೋ ನಿಂತಿತ್ತು.

ಸಾಹುಕಾರರೇನು ಸಾಮಾನ್ಯರೆ? ಹುಲ್ಲು ತೊಳೆದ ನೀರು, ದನಕ್ಕೆ ಪುಷ್ಟಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು. ಲಾರಿಗಟ್ಟಲೆ ಸುಣ್ಣ ಯಾಕೆ ಬರುತ್ತದೆ ಎಂದು ಯಾರೋ ಕೇಳಿದ್ದಕ್ಕೆ ಗೋಡೆಗೆ ಬಳಿಯಲಿಕ್ಕೆ ಎಂದಿದ್ದರು. ಹಾಗೆ ಬಳಿದಿದ್ದರೆ ಶಿರಸಿಯಿಂದ ಬನವಾಸಿಯವರೆಗೆ ಒಂದು ಗೋಡೆಯೂ ಮಾಸಿ ಉಳಿಯುತ್ತಿರಲಿಲ್ಲ. ಸಾಹೇಬರು ಬರುವ ಎರಡು ದಿನ ಮೊದಲೇ ಕಾರ್ಖಾನೆ ನಿಲ್ಲಿಸಿದರು, ಕಾಲುವೆ ಬಂದು ಬೀಳುವ ಮಡುವಿನ ನೊರೆ ಇಳಿದು ನೀರು ತಿಳಿಯಾಯಿತು. ದಂಡೆಯ ಮೇಲೆ ಚಪ್ಪರ ಎದ್ದಿತು, ಎಳನೀರು ಬಂದವು. ಊರ ಮುತ್ತೈದೆಯರಿಂದಲೇ ಆರತಿಯಾಗಲಿ ಎಂದು ಹೇಳಿಕಳಿಸಿದವರೂ ಅವರೇ. ಅರ್ಜಿ ಕೊಟ್ಟವರ ಕೈಯಲ್ಲೇ ಆರತಿ ಎತ್ತಿಸಿದರೆ ಅರ್ಜಿಗೆ ಏನು ಬೆಲೆ ಉಳಿಯಿತು? ನೀಲಗಂಗವ್ವನಿಗೆ ಅದು ತಿಳಿಯದ್ದೇನಲ್ಲ. ಸಾಹೇಬರ ಎದುರು ನಿಂತು ಎರಡು ಮಾತಾಡಲಿಕ್ಕೆ ಬೇರೆ ದಾರಿ ಇಲ್ಲವೆಂದು ಬಂದಿದ್ದಳು.

ಆಕೆ ತಂಬಿಗೆಯಲ್ಲಿ ತಂದಿದ್ದ ಒರತೆಯ ನೀರನ್ನು ತಟ್ಟೆಗೆ ಬಗ್ಗಿಸುವಷ್ಟರಲ್ಲಿ ಸಾಹುಕಾರರು ಸಾಹೇಬರಿಗೆ ಕೇಳುವ ಹಾಗೆ ತಡೆದರು.

"ಆ ನೀರ್ಯಾಕ ಬೇ ನೀಲಗಂಗವ್ವ? ಎದುರಿಗೆ ಹೊಳಿ ಹರಿತೈತಿ. ಅದರ ನೀರಾಗ ಆರತಿ ಮಾಡು, ಸಾಹೇಬ್ರು ಕಣ್ಣಾರೆ ನೋಡ್ಲಿ."

ನೀಲಗಂಗವ್ವ ಒರತೆಯ ನೀರು ಚೆಲ್ಲಿ ಮಡುವಿನ ನೀರು ಮೊಗೆದು ತಂದಳು. ಸುಣ್ಣವಿಲ್ಲದಿದ್ದರೆ ಇಲ್ಲ, ಈ ಗಂಡಸರಿಗೆ ಹಳದಿ ಯಾವುದು ಕೆಂಪು ಯಾವುದು ಯಾರಿಗೆ ಗೊತ್ತಾಗುತ್ತದೆ ಎಂದು ಅರಿಸಿನ ಉದುರಿಸಿ ಬೆರಳಾಡಿಸಿದಳು. ತಟ್ಟೆ ಕೆಂಪಗಾಯಿತು. ಸೊಸೆ ಬಾಯಿ ತೆರೆದವಳು ಮುಚ್ಚಲಿಲ್ಲ. ನೀಲಗಂಗವ್ವ ಒಂದು ಗಳಿಗೆ ತನ್ನ ಬೆರಳನ್ನು ನೋಡಿಕೊಂಡಳು, ಆಮೇಲೆ ಕಾಲುವೆಯ ಬಾಯಿಯನ್ನು ನೋಡಿದಳು. ಎರಡು ವರ್ಷ ಯಾರೂ ಒಪ್ಪದಿದ್ದ ಮಾತನ್ನು ಚಿಟಿಕೆ ಅರಿಸಿನ ಒಪ್ಪಿಸಿಬಿಟ್ಟಿತ್ತು. ಅವಳಿಗೆ ನಗು ಬಂತು, ಹಿಂದೆಯೇ ಸತ್ತ ಎಮ್ಮೆಯ ನೆನಪಾಯಿತು. ಸಾವಕಾಶವಾಗಿ ಮೂರು ಸುತ್ತು ಆರತಿ ಎತ್ತಿ ಸಾಹೇಬರ ಹಣೆಗೆ ಅದೇ ನೀರಿನ ಬೊಟ್ಟಿಟ್ಟಳು.

"ಸಾಹೇಬ್ರ, ಇದಕ್ಕ ನಾ ಸುಣ್ಣ ಹಾಕಿಲ್ರಿ. ಬರೇ ಅರಿಷಿಣ, ಬರೇ ಹೊಳಿ ನೀರು. ನಿಮ್ಮ ಮನ್ಯಾಗೂ ಆರತಿ ಮಾಡ್ತಾರ, ನೀವ ಹೇಳ್ರಿ, ಸುಣ್ಣ ಎಲ್ಲಿಂದ ಬಂತು?"

ಸಾಹೇಬರಿಗೆ ತಿಳಿಯಿತು. ತಿಳಿದದ್ದು ಅವರ ಮುಖದ ಮೇಲೇ ಕಂಡಿತು. ಪೆನ್ನಿನ ಟೊಪ್ಪಿಗೆ ತೆಗೆದವರು ಹಾಗೇ ಹಿಡಿದುಕೊಂಡು ಸಾಹುಕಾರರ ಕಡೆ ತಿರುಗಿದರು. ಸಾಹುಕಾರರು ನಕ್ಕುಬಿಟ್ಟರು.

"ಶುಭ ಆತಲ್ರಿ ಸಾಹೇಬ್ರ! ನೀವು ಬಂದ್ರಿ ಅಂತ ಹೊಳಿನ ಆರತಿ ಕಲಸಿ ಕೊಟ್ಟೈತಿ."

ಇಷ್ಟು ಸಾಕಾಯಿತು ಆ ಮಹಾರಾಯರಿಗೆ. ಅವರೂ ನಕ್ಕರು. ಒಂದು ಕೈಯಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ "ನೀರು ತಿಳಿಯಾಗಿದೆ, ದುರ್ವಾಸನೆ ಇಲ್ಲ" ಎಂದು ಬರೆದರು. ಬರೆದು ಮುಗಿಸಿ ಎರಡು ಎಳನೀರು ಕುಡಿದರು. ಹೊಳೆಯ ನೀರನ್ನು ಕುಡಿಯಿರಿ ಎಂದು ಸಾಹುಕಾರರು ಹೇಳಲೂ ಇಲ್ಲ, ಸಾಹೇಬರು ಕೇಳಲೂ ಇಲ್ಲ. ಗೌರಕ್ಕ ಅಳಲಿಕ್ಕೆ ಸುರುಮಾಡಿದಳು. ನೀಲಗಂಗವ್ವ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು.

ಜೀಪು ಹತ್ತುವ ಮೊದಲು ಸಾಹುಕಾರರಿಗೆ ಶಾಸ್ತ್ರ ನೆನಪಾಯಿತು. ದೃಷ್ಟಿ ತೆಗೆದ ನೀರು, ಕೈಯಲ್ಲಿ ಹಿಡಿದುಕೊಂಡು ನಿಲ್ಲಬಾರದು, ಯಾರೂ ತುಳಿಯದ ಕಡೆ ನೋಡಿ ಚೆಲ್ಲು ಎಂದು ತಿಳಿದವರ ಹಾಗೆ ಬುದ್ಧಿ ಹೇಳಿದರು.

ನೀಲಗಂಗವ್ವ ನಾಲ್ಕು ಹೆಜ್ಜೆ ಇಳಿದು ತಟ್ಟೆಯನ್ನು ಮಡುವಿಗೆ ಬೋರಲು ಹಾಕಿದಳು.

"ಇದರಾಗ ಈಗ ನಾಯಿ ಸೈತ ಕಾಲಿಡಂಗಿಲ್ರಿ ಸಾವ್ಕಾರ್ರ," ಎಂದಳು.