ಗಡಿ ದಾಟಿಸುವ ಕೆಲಸ

ಚರ್ಚಿನ ಅಂಗಳದ ಕಂಬಕ್ಕೆ ಹಗ್ಗ ಬಿಗಿದಾಗಿತ್ತು. ಚಾಟಿ ಜರ್ವಿಸನ ಕೈಯಲ್ಲಿತ್ತು. ಏಟು ತಿನ್ನಬೇಕಾದ ಹೆಂಗಸು ಮಾತ್ರ ಇನ್ನೂ ಅವನ ಮನೆಯಿಂದ ಹೊರಗೆ ಬಂದಿರಲಿಲ್ಲ.

“ಏನಯ್ಯಾ, ಒಳಗೆ ಮದುಮಗಳ ಸಿಂಗಾರ ನಡೀತಿದೆಯಾ?” ಎಂದರು ಚರ್ಚಿನ ಆಡಳಿತ ನೋಡುತ್ತಿದ್ದ ಆಂಬ್ರೋಸ್ ಕೈಮ್.

“ನನ್ನ ಹೆಂಡತಿ ಕರ್ಕೊಂಡು ಬರ್ತಾಳೆ, ಸ್ವಾಮಿ.”

ಜರ್ವಿಸ್ ಆ ವರ್ಷ ಊರ ಕಾನ್‌ಸ್ಟೇಬಲ್. ಬಯಸಿ ಆದವನಲ್ಲ. ಮನೆಮನೆಯ ಸರದಿಯಲ್ಲಿ ಅವನ ಬಾಗಿಲಿಗೆ ಬಂದು ನಿಂತ ಕೆಲಸ. ಸಂಬಳವಿಲ್ಲ, ಬೈಗುಳಕ್ಕೆ ಬರವಿಲ್ಲ. ಬೇಲಿ ಜಗಳಕ್ಕೂ ಕುಡುಕರಿಗೂ ತಪ್ಪಿಸಿಕೊಂಡ ಹಂದಿಗೂ ಅವನೇ ಏಳಬೇಕು. ಅದಕ್ಕೆಲ್ಲ ಒಗ್ಗಿಹೋಗಿದ್ದ. ಚಾಟಿಗೆ ಮಾತ್ರ ಒಗ್ಗಿರಲಿಲ್ಲ. ಅಲೆಮಾರಿ ಸಿಕ್ಕರೆ ಬೆನ್ನಲ್ಲಿ ರಕ್ತ ಬರುವವರೆಗೆ ಹೊಡೆದು, ಕೊನೆಗೆ ನೆಲೆಸಿದ್ದ ಊರಿಗೇ ಹಿಂದಕ್ಕಟ್ಟಬೇಕೆಂದು ಕಾನೂನು. ಸುಗ್ಗಿಯ ಹೊತ್ತಿನಲ್ಲಿ ಒಬ್ಬ ಮುದುಕನನ್ನು ಹೊಡೆದಿದ್ದ. ಮುದುಕ ಅಳಲಿಲ್ಲ, ಏಟಿಗೊಂದು ಸಾಲಿನಂತೆ ಕೀರ್ತನೆ ಹೇಳಿದ. ಅಂದಿನಿಂದ ಚರ್ಚಿನಲ್ಲಿ ಆ ಕೀರ್ತನೆ ಎತ್ತಿಕೊಂಡರೆ ಜರ್ವಿಸನಿಗೆ ದನಿ ಹೊರಡುತ್ತಿರಲಿಲ್ಲ.

ಈ ಹೆಂಗಸು, ಡಾರ್ಕಸ್, ಹಿಂದಿನ ಸಂಜೆ ಮಬ್ಬಿನಲ್ಲಿ ಕೈಮರ ಕೊಟ್ಟಿಗೆಯ ಹುಲ್ಲಿನಲ್ಲಿ ಮುದುಡಿ ಕೂತಿದ್ದಳು. ಮೂಡಲ ಸಮುದ್ರದಂಡೆಯ ಸಾಲ್ಟ್‌ಬಿಯಲ್ಲಿ ತಾಯಿ ಸಾಯುತ್ತಿದ್ದಾಳೆ, ಮಾತು ನಿಲ್ಲುವ ಮೊದಲು ಮುಟ್ಟಬೇಕು ಎಂದು ಬೇಡಿದಳು. ಕೈಮರು ಲಾಟೀನು ಎತ್ತಿ ಮುಖವೊಂದನ್ನೇ ನೋಡಿದ್ದರು. “ಇಂಥವರಿಗೆಲ್ಲ ಎಲ್ಲಾದರೂ ಒಬ್ಬಳು ತಾಯಿ ಸಾಯ್ತಾನೇ ಇರ್ತಾಳೆ. ಬೆಳಿಗ್ಗೆ ಕಂಬಕ್ಕೆ ಕಟ್ಟು” ಎಂದು ಹೊರಟುಹೋಗಿದ್ದರು.

ಬಾಗಿಲು ತೆರೆಯಿತು. ಜರ್ವಿಸನ ಹೆಂಡತಿ ಆಡ್ರಿ ಡಾರ್ಕಸಳ ಸೊಂಟ ಬಳಸಿ ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದಳು. ಕೈಮರ ಕಣ್ಣು ಅವಳ ಶಾಲಿನಿಂದ ಕೆಳಗಿಳಿದು ಉಬ್ಬಿದ ಹೊಟ್ಟೆಯ ಮೇಲೆ ನಿಂತಿತು.

“ಇದೇನು? ನಿನ್ನೆ ನೀನು ಹೇಳಲೇ ಇಲ್ಲ?”

“ಸಂಜೆ ನನಗೂ ಕಾಣಲಿಲ್ಲ, ಸ್ವಾಮಿ. ಬೆಳಿಗ್ಗೆಯೇ ನೋಡಿದ್ದು.”

“ಎಷ್ಟು ದಿನ ಇದೆಯಂತೆ?”

“ದಿನದ ಮಾತು ಬಿಡಿ ಯಜಮಾನ್ರೇ,” ಎಂದಳು ಆಡ್ರಿ. “ಒಂದು ಏಟು ಬಿದ್ದರೆ ಇಲ್ಲೇ ಬಿದ್ದುಹೋಗುತ್ತೆ.”

ಕೈಮರ ಮುಖ ಬಿಳಿಚಿತು. “ಇಲ್ಲಿ ಹೆತ್ತರೆ ಕೂಸು ನಮ್ಮೂರಿನದು. ದೊಡ್ಡದಾಗೋವರೆಗೂ ರೊಟ್ಟಿ ಹಾಕೋರು ನಾವು. ಹಗ್ಗ ಬಿಚ್ಚಯ್ಯ. ಹತ್ತಿರದ ಗಡಿ ಯಾವುದು?”

“ಮೂಡಲ ಹೊಳೆ.”

“ಹೊತ್ತುಕೊಂಡಾದರೂ ದಾಟಿಸು.”

ಜರ್ವಿಸ್ ಡಾರ್ಕಸಳನ್ನು ಹೊಳೆಯ ದಾರಿಯಲ್ಲಿ ನಡೆಸಿಕೊಂಡು ಹೊರಟ. ಬೇಲಿಯಾಚೆಯಿಂದ ಯಾರೋ ಕೂಗಿದರು: “ಜರ್ವಿಸ್, ಬಸುರೀನ ದನ ಅಟ್ಟಿದ ಹಾಗೆ ಅಟ್ತೀಯಲ್ಲ, ನಿನ್ನ ಕೈಗೆ ಹುಳ ಬೀಳ!” ಅವನು ತಲೆ ಎತ್ತಲಿಲ್ಲ. ವರ್ಷವಿಡೀ ಕೇಳಿದ್ದ ಮಾತಿಗೆ ಇನ್ನೊಂದು ಸೇರಿತು.

ಆಚೆ ದಡದಲ್ಲಿ ನೆರೆಯೂರಿನ ಕಾನ್‌ಸ್ಟೇಬಲ್ ಹಂಫ್ರಿ ಗಾಡಿಗೆ ಟರ್ನಿಪ್ ಗೆಡ್ಡೆ ತುಂಬುತ್ತಿದ್ದ. ಅವರನ್ನು ಕಂಡವನೇ ಕೋಲು ಹಿಡಿದು ಸೇತುವೆಗೆ ಅಡ್ಡ ಬಂದ.

“ಲೋ, ನಿಮ್ಮೂರ ಬಸಿರು ನಿಮ್ಮೂರಲ್ಲೇ ಇಳೀಲಿ. ವಾಪಸ್ ಕರ್ಕೊಂಡು ಹೋಗು.”

“ನನಗೆ ಅಪ್ಪಣೆ ಆಗಿದೆ, ಹಂಫ್ರಿ.”

“ನನಗೂ ಆಗುತ್ತೆ, ಇವಳು ಇಲ್ಲಿ ಹೆತ್ತರೆ. ನಮ್ಮ ಯಜಮಾನ್ರು ನನ್ನ ಚರ್ಮ ಸುಲೀತಾರೆ.”

ಅವರಿಬ್ಬರೂ ಹೀಗೆ ದಣಿದ ದನಿಯಲ್ಲಿ ವಾದಿಸುತ್ತಿರುವಾಗಲೇ ಡಾರ್ಕಸ್ ಕೋಲಿನ ಕೆಳಗೆ ನುಸುಳಿ, ಸೇತುವೆ ದಾಟಿ, ಹಂಫ್ರಿಯ ಕಡೆಯ ಹುಲ್ಲಿನ ಮೇಲೆ ಕೂತು ನರಳತೊಡಗಿದಳು.

ಹಂಫ್ರಿ ಹಿಂದಕ್ಕೆಳೆಯಲು ಹೋದ. ಬಸುರಿಯ ಮೈ ಮುಟ್ಟಲು ಕೈ ಬರಲಿಲ್ಲ. “ತಾಯಿ, ಸ್ವಲ್ಪ ತಡ್ಕೊಳಮ್ಮ. ಒಂದು ಗಳಿಗೆ ತಡ್ಕೊ” ಎನ್ನುತ್ತಾ ಗೆಡ್ಡೆಗಳನ್ನೆಲ್ಲ ನೆಲಕ್ಕೆ ಸುರಿದು ಕುದುರೆ ಹೂಡಿದ.

“ಸಮುದ್ರದ ಕಡೆಗಾ ಅಣ್ಣಾ?” ಡಾರ್ಕಸ್ ನರಳುತ್ತಲೇ ಕೇಳಿದಳು.

“ಯಾವ ಕಡೆಗಾದರೂ ಆಗಲಿ, ಮೊದಲು ನಮ್ಮೂರಿಂದ ಆಚೆಗೆ. ಮುಂದಿನ ಊರಿನವನು ಅವನ ಗಾಡಿ ಹೂಡ್ಲಿ.”

ಅವಳು ಗಾಲಿಯ ಮೇಲೆ ಕಾಲಿಟ್ಟು ಹತ್ತಿ ಕೂತಳು. ಅದನ್ನು ಗಮನಿಸುವ ವ್ಯವಧಾನ ಹಂಫ್ರಿಗಿರಲಿಲ್ಲ. ಗಾಡಿ ಮೂಡಲ ದಾರಿ ಹಿಡಿಯಿತು. ಅದು ಮರೆಯಾಗುವವರೆಗೂ ಜರ್ವಿಸ್ ಸೇತುವೆಯ ಮೇಲೇ ನಿಂತಿದ್ದ.

ಮನೆಗೆ ಬಂದಾಗ ಆಡ್ರಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವನು ಕೂತು ಬೂಟು ಕಳಚಿದ ಮೇಲೆ ಬೀದಿಯತ್ತ ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿದಳು.

“ಅಲ್ಲಾ ರೀ, ನಮ್ಮ ದಿಂಬು ದಾರೀಲಿ ಎಲ್ಲೂ ಜಾರಲಿಲ್ಲ ತಾನೇ?”